ಹೊಳೆಯಲ್ಲೂ ಬೀಜ ಎತ್ತಿಡಬೇಕಲ್ಲ

ನನ್ನದು ಮಲಪನಗುಡಿ. ಹೊಸಪೇಟೆಯಿಂದ ಕಮಲಾಪುರಕ್ಕೆ ಹೋಗುವ ದಾರಿಯಲ್ಲಿದೆ. ಕಾಲುವೆ ಕೆಳಗಿನವರು ಬಾಳೆ, ಕಬ್ಬು ಬೆಳೆಯುತ್ತಾರೆ. ನನ್ನ ನಾಲ್ಕೆಕರೆ ಕಾಲುವೆಗಿಂತ ಮೇಲಿದೆ, ನೀರು ಹತ್ತುವುದಿಲ್ಲ. ಸಜ್ಜೆ, ನವಣೆ, ಶೇಂಗಾ, ಅಕ್ಕಡಿಗೆ ತೊಗರಿ. ಮಳೆಯೇ ಗತಿ. ಇಂಥವನಿಗೆ ಹೊಳೆಯ, ಮೀನಿನ ಉಸಾಬರಿ ಯಾಕೆ ಅಂತ ಓದುಗರು ಕೇಳಬಹುದು. ಅದಕ್ಕೊಂದು ಹಳೇ ಬಾಕಿ ಇದೆ.

1989ರ ಬೇಸಿಗೆ. ಹೊಲದಲ್ಲಿ ಕೆಲಸವಿಲ್ಲ. ನಾವು ನಾಲ್ವರು ಹುಡುಗರು ಸೈಕಲ್ ಹತ್ತಿ ಹೊಳೆಗೆ ಹೋದೆವು. ನಮ್ಮಲ್ಲಿ ಒಬ್ಬ ಸಂಡೂರು ಕಡೆ ಗಣಿ ಕೂಲಿಗೆ ಹೋಗಿ ಬರುತ್ತಿದ್ದ. ಬಂಡೆ ಸಿಡಿಸುವ ಗುಂಡು ಹೇಗೋ ತಂದಿದ್ದ. ಬತ್ತಿ ಹಚ್ಚಿ ಮಡುವಿಗೆ ಎಸೆದರೆ ಸಾಕು, ಮೀನು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಎರಡು ಚೀಲ ತುಂಬಿದೆವು. ತೇಲಿದ್ದಕ್ಕಿಂತ ತಳಕ್ಕೆ ಮುಳುಗಿದ್ದೇ ಹೆಚ್ಚು ಅಂತ ಆಗ ನಮಗೆ ಗೊತ್ತಿರಲಿಲ್ಲ. ಗುಂಡಿನ ಏಟಿಗೆ ಮೀನಿನ ಒಳಗಿನ ಗಾಳಿಚೀಲ ಒಡೆಯುತ್ತದೆ. ಬೆರಳುದ್ದದ ಮರಿಯೂ ಉಳಿಯುವುದಿಲ್ಲ.

ಮೂರನೇ ಸಲ ಹೋದಾಗ ಬತ್ತಿ ಬೇಗ ಉರಿಯಿತು. ಗೆಳೆಯನ ಬಲಗೈ ಮಣಿಕಟ್ಟಿನವರೆಗೆ ಹೋಯಿತು. ಹೋದದ್ದು ಹೋಯಿತು. ಆಸ್ಪತ್ರೆಯಲ್ಲಿ ಸ್ಟೌವ್ ಸಿಡಿಯಿತು ಅಂತ ಸುಳ್ಳು ಹೇಳಿದೆವು. ಆದರೆ ಅವತ್ತು ಅವನನ್ನು ಹರಿಗೋಲಿನಲ್ಲಿ ಹಾಕಿಕೊಂಡು ದಾಟಿಸಿದ ಬೆಸ್ತರ ಅಜ್ಜ ಒಂದು ಮಾತಂದ: "ಏನಪಾ, ರೈತರ ಮಕ್ಕಳಲ್ಲೇನು ನೀವು? ಬಿತ್ತೋ ಕಾಳು ಹುರಕೊಂಡು ತಿಂತೀರೇನು?" ಬೈದಿದ್ದರೆ ಮರೆಯುತ್ತಿದ್ದೆ. ಹೀಗೆ ಕೇಳಿದ್ದಕ್ಕೆ ಮರೆಯಲಾಗಲಿಲ್ಲ.

ಒಣಬೇಸಾಯದವನ ಮನೆಯಲ್ಲಿ ಎಂಥಾ ಬರ ಬಂದರೂ ಬೀಜದ ಗಡಿಗೆಗೆ ಕೈ ಹಾಕುವುದಿಲ್ಲ. ಚಲೋ ತೆನೆ ಆರಿಸಿ, ಬೂದಿ ಬೆರೆಸಿ, ಬಾಯಿಗೆ ಸಗಣಿ ಮೆತ್ತಿ ಇಡುತ್ತೇವೆ. ನಮ್ಮವ್ವ ಒಂದು ವರ್ಷ ಸಾಲ ತಂದು ಜೋಳ ಕೊಂಡಳು, ಗಡಿಗೆ ಒಡೆಯಲಿಲ್ಲ. ಹೊಳೆಯ ಬೀಜದ ಗಡಿಗೆ ಯಾವುದು? ಬೇಸಿಗೆಯಲ್ಲೂ ನೀರು ಬತ್ತದ ಆಳದ ಮಡುವು. ಉಳಿದ ಮೀನೆಲ್ಲ ಅಲ್ಲಿ ಸೇರಿರುತ್ತದೆ. ಮುಂಗಾರಿನ ಹೊಸನೀರಿಗೆ ಅವೇ ಹೊರಬಂದು ಮೊಟ್ಟೆಯಿಡುತ್ತವೆ. ನಾವು ಗುಂಡು ಎಸೆದದ್ದು ಸರಿಯಾಗಿ ಆ ಗಡಿಗೆಗೇ.

2015ರಲ್ಲಿ ಸರ್ಕಾರ ಮುದ್ಲಾಪುರದಿಂದ ಕಂಪ್ಲಿ ಸೇತುವೆವರೆಗೆ 34 ಕಿಲೋಮೀಟರ್ ಹೊಳೆಯನ್ನು ನೀರುನಾಯಿಗಳಿಗಾಗಿ ಸಂರಕ್ಷಣಾ ಮೀಸಲು ಎಂದು ಸಾರಿತು. ಹಂಪಿಯ ಬಂಡೆಗಳ ನಡುವಿನ ಹರಿವೂ ಇದರೊಳಗೇ ಬರುತ್ತದೆ. ನೀರುನಾಯಿಗಾಗಿಯೇ ಇಂಥ ಮೀಸಲು ನಮ್ಮ ದೇಶದಲ್ಲಿ ಇದೇ ಮೊದಲು. ನೀರುನಾಯಿ ಗುಂಪು ಕಟ್ಟಿಕೊಂಡು ಇರುವ ಪ್ರಾಣಿ. ಬಂಡೆಯ ಸಂದಿನಲ್ಲಿ ಮರಿ ಹಾಕುತ್ತದೆ, ಮೀನು ತಿಂದು ಬದುಕುತ್ತದೆ. ಅದು ಇದೆ ಅಂದರೆ ಮೀನು ಇದೆ ಅಂತ ಅರ್ಥ. ಮೀನುಗಾರರಿಗೆ ಅದರ ಮೇಲೆ ಸಿಟ್ಟೂ ಇದೆ, ಬಲೆ ಹರಿಯುತ್ತದೆ. ಆ ಸಿಟ್ಟು ನ್ಯಾಯವಾದದ್ದೇ. ಹಂದಿ ಶೇಂಗಾ ಕಿತ್ತಾಗ ನನಗೆ ಬರುವುದಿಲ್ಲವೇ?

ಸಂರಕ್ಷಣಾ ಮೀಸಲು ಅಂದರೆ ಅಭಯಾರಣ್ಯ ಅಲ್ಲ. 1972ರ ವನ್ಯಜೀವಿ ಕಾಯ್ದೆಗೆ 2002ರಲ್ಲಿ ಮಾಡಿದ ತಿದ್ದುಪಡಿಯಲ್ಲಿ ಇದು ಸೇರಿತು. ಸರ್ಕಾರಿ ಜಾಗವನ್ನು ಅಲ್ಲಿಯ ಜನರ ಸಂಗಡ ಮಾತಾಡಿಯೇ ಮೀಸಲು ಮಾಡಬೇಕು. ಅದಕ್ಕೊಂದು ಸಮಿತಿ. ಅರಣ್ಯ ಇಲಾಖೆಯವರು ಕಾರ್ಯದರ್ಶಿ, ವ್ಯಾಪ್ತಿಗೆ ಬರುವ ಒಂದೊಂದು ಗ್ರಾಮ ಪಂಚಾಯ್ತಿಯಿಂದ ಒಬ್ಬೊಬ್ಬರು, ವನ್ಯಜೀವಿ ಸಂಸ್ಥೆಗಳಿಂದ ಮೂವರು, ಕೃಷಿ ಮತ್ತು ಪಶುಸಂಗೋಪನೆ ಇಲಾಖೆಯಿಂದ ಒಬ್ಬೊಬ್ಬರು. ಪಂಚಾಯ್ತಿಗೆ ಕುರ್ಚಿ ಇದೆ ಅನ್ನುವುದು ಎಷ್ಟು ಜನಕ್ಕೆ ಗೊತ್ತು? ನನ್ನ ತಕರಾರು ಎರಡು. ಬಲೆ ಹಾಕುವವನಿಗೆ ಅಂತಲೇ ಒಂದು ಕುರ್ಚಿ ಇಲ್ಲ. ಮತ್ತೆ, ಸಮಿತಿ ಸಲಹೆ ಕೊಡಬಹುದು ಅಷ್ಟೇ, ತೀರ್ಮಾನ ಮೇಲಿನವರದು.

ಜನರೇ ಮುಂದೆ ನಿಂತರೆ ಹೇಗಿರುತ್ತದೆ ಅಂತ ನೋಡಲು ದೂರ ಹೋಗಬೇಕಿಲ್ಲ. ಹಗರಿಬೊಮ್ಮನಹಳ್ಳಿ ತಾಲೂಕಿನ ಅಂಕಸಮುದ್ರಕ್ಕೆ ಹೋಗಿದ್ದೆ, ಬೀಗರ ಕಡೆಯ ಒಂದು ಮದುವೆ ನೆಪ. 244 ಎಕರೆಯ ಕೆರೆ, ಹಿರಿಯರು ನೀರಾವರಿಗೆ ಕಟ್ಟಿಸಿದ್ದು. ಕೆರೆಯಂಗಳದ ತುಂಬಾ ಕರಿಜಾಲಿ. ಒಂದೊಂದು ಜಾಲಿಯ ಮೇಲೂ ಬಣ್ಣದ ಕೊಕ್ಕರೆ, ಕೆಂಬರಲು, ನೀರುಕಾಗೆ. ಬೆಳಿಗ್ಗೆ ಅವುಗಳ ಗದ್ದಲಕ್ಕೆ ಪಕ್ಕದವನ ಮಾತು ಕೇಳುವುದಿಲ್ಲ. 2017ರಲ್ಲಿ ಇದು ಪಕ್ಷಿ ಸಂರಕ್ಷಣಾ ಮೀಸಲಾಯಿತು. 2024ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ಜಗತ್ತಿನ ಬೆಲೆಬಾಳುವ ಜೌಗು ಜಾಗಗಳ ಪಟ್ಟಿ ಅದು. 30,000ಕ್ಕೂ ಹೆಚ್ಚು ನೀರುಹಕ್ಕಿಗಳು ಇಲ್ಲಿ ಇಳಿಯುತ್ತವೆ ಎಂದು ಅದರಲ್ಲಿ ಬರೆದಿದೆ.

ನನಗೆ ಕಂಡದ್ದು ಬೇರೆ. ಕಟ್ಟೆಯ ಮೇಲೆ ಒಬ್ಬ ಹುಡುಗ ಕವಣೆ ಕಲ್ಲು ತೆಗೆದ. ಎಮ್ಮೆ ಮೇಯಿಸುತ್ತಿದ್ದ ಮುದುಕಿ ಅಲ್ಲಿಂದಲೇ "ಏ ಮೂಳಾ, ಯಾರ ಮಗ ಅದಿಯೋ ನೀನು?" ಅಂತ ಕೂಗಿದಳು. ಹುಡುಗ ಕಲ್ಲು ಬಿಟ್ಟು ಓಡಿದ. ಗಾರ್ಡು ಎಲ್ಲಿದ್ದನೋ. ಅವನು ಬೇಕಾಗಲಿಲ್ಲ.

ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಲ್ಲಿ ಇನ್ನೊಂದು ಬಗೆ. ಹಕ್ಕಿ ಗೂಡು ಕಟ್ಟುವುದು ಊರೊಳಗಿನ ಮರಗಳಲ್ಲಿ, ಜನರ ಸ್ವಂತ ಹುಣಸೆ ಮರಗಳಲ್ಲೂ. 2007ರಲ್ಲಿ ಅದು ಸಮುದಾಯ ಮೀಸಲಾಯಿತು. ಹಕ್ಕಿ ಕೂತ ಮರದಲ್ಲಿ ಹುಣಸೆ ಫಸಲು ಸಿಗುವುದಿಲ್ಲ. ಅದಕ್ಕೆ ಅರಣ್ಯ ಇಲಾಖೆ ಪರಿಹಾರ ಕೊಡುವ ಪದ್ಧತಿ ಬಂತು. ರೈತರು ಮರದಡಿಯ ಹಿಕ್ಕೆಯನ್ನು ಗೊಬ್ಬರ ಮಾಡಿಕೊಂಡಿದ್ದಾರೆ. ಲೆಕ್ಕ ಎರಡೂ ಕಡೆ ಕೂಡಿದರೆ ಮಾತ್ರ ಇಂಥವು ಬಾಳುತ್ತವೆ.

ದೇವರ ಹೆಸರಿನಲ್ಲಿ ಕಾಯ್ದದ್ದೂ ಇದೆ. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಹತ್ತಿರ ಮೀನು ಹಿಡಿಯುವುದಿಲ್ಲ, ಮಂಡಕ್ಕಿ ಹಾಕುತ್ತಾರೆ. ಅದೇ ತುಂಗೆ ಕೂಡಲಿಯಲ್ಲಿ ಭದ್ರೆಯನ್ನು ಕೂಡಿಕೊಂಡು ನಮ್ಮ ಕಡೆ ಬರುವುದು. ಆದರೆ ದೇವರ ಭಯ ಇದ್ದವನಿಗಷ್ಟೇ ಆ ಬೇಲಿ. ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ ದೇವಸ್ಥಾನದ ಮುಂದಿನ ಮೀನುಗಳಿಗೆ 1996ರಲ್ಲಿ ವಿಷ ಹಾಕಿದರು. ಸತ್ತ ಮೀನುಗಳಿಗೆ ಅಲ್ಲಿ ಸ್ಮಾರಕ ಕಟ್ಟಿದ್ದಾರೆ.

ದ್ವೀಪದವರು ಕಲಿತದ್ದು

ನನ್ನ ಮಗಳು ಓದಿದವಳು. ಫಿಲಿಪ್ಪೀನ್ಸ್ ದೇಶದ ಆಪೋ ಎಂಬ ಸಣ್ಣ ದ್ವೀಪದ ಸಂಗತಿ ಅವಳೇ ಓದಿ ಹೇಳಿದಳು. ಕೇಳುತ್ತಾ ನನಗೆ ನಮ್ಮ ಮಡುವೇ ಕಣ್ಣಿಗೆ ಬಂತು. ಅಲ್ಲೂ ಗುಂಡು, ಅಲ್ಲೂ ವಿಷ. ಹವಳದ ದಿಬ್ಬ ಒಡೆದು ಪುಡಿಯಾಗಿ ಮೀನು ಕಮ್ಮಿಯಾಗಿತ್ತು. ಸಿಲಿಮಾನ್ ವಿಶ್ವವಿದ್ಯಾಲಯದ ಏಂಜೆಲ್ ಅಲ್ಕಾಲಾ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು, ಕೆಲವು ಜಾಗವನ್ನು ಬಿಟ್ಟುಬಿಡಿ, ಅಲ್ಲಿ ಬಲೆ ಬೇಡ ಅಂದರು. ಯಾರು ನಂಬುತ್ತಾರೆ? ಆಗ ಅವರು ಭಾಷಣ ಮಾಡದೆ, ಜನರನ್ನು ಸುಮಿಲೋನ್ ಎಂಬ ಇನ್ನೊಂದು ದ್ವೀಪಕ್ಕೆ ಕರೆದೊಯ್ದು ತೋರಿಸಿದರು. ಅಲ್ಲಿ 1974ರಿಂದ ಒಂದು ಭಾಗದಲ್ಲಿ ಮೀನು ಹಿಡಿಯುವುದು ನಿಂತಿತ್ತು. ನೋಡಿದ ಮೇಲೂ ಮೊದಲು ಒಪ್ಪಿದ್ದು 14 ಮನೆಗಳಷ್ಟೇ. 1982ರಲ್ಲಿ ದಿಬ್ಬದ ಸುಮಾರು ಹತ್ತರಲ್ಲೊಂದು ಪಾಲು ಬಿಟ್ಟರು. ದಂಡೆಯ ಮೇಲೆ ಒಬ್ಬರು ಕೂತು ನೋಡಿಕೊಂಡರೆ ಸಾಕಾಗಿತ್ತು. ಕಣ್ಣಳತೆಯ ಜಾಗ ಆರಿಸಿದ್ದೇ ಜಾಣತನ ಅಂತ ನನಗನ್ನಿಸಿತು. ಮೀನು ಬೆಳೆದು ಬೇಲಿಯಾಚೆ ಬಂದವು, ಬಲೆಗೆ ಬಿದ್ದವು. ಉಳಿದವರೂ ಸೇರಿದರು.

ಪಾಠ ಇದೊಂದೇ ಅಲ್ಲ. ಎಲ್ಲರಿಗೂ ದಾರಿ ತೋರಿದ ಅದೇ ಸುಮಿಲೋನ್‌ನಲ್ಲಿ 1984ರ ಹೊತ್ತಿಗೆ ಸ್ಥಳೀಯ ಆಡಳಿತ ಬದಲಾಗಿ ಕಾವಲು ಮುರಿಯಿತು. ಬಿಟ್ಟಿದ್ದ ಜಾಗಕ್ಕೂ ಬಲೆ ಬಿತ್ತು. ಎರಡೇ ವರ್ಷದಲ್ಲಿ ದ್ವೀಪದ ಒಟ್ಟು ಮೀನು ಅರ್ಧದಷ್ಟಾಯಿತು. ಹಿಡಿಯುವ ಜಾಗ ಹೆಚ್ಚಾಯಿತು, ಸಿಕ್ಕ ಮೀನು ಕಡಿಮೆಯಾಯಿತು! ಬೀಜ ತಿಂದವರ ಲೆಕ್ಕ ಹೀಗೇ. ಆಪೋದಲ್ಲೂ ಎಲ್ಲ ಸಕ್ಕರೆಯಲ್ಲ. 1994ರ ಮೇಲೆ ಅದು ರಾಷ್ಟ್ರದ ಸಂರಕ್ಷಿತ ಜಾಗವಾಗಿ ಆಡಳಿತ ಮೇಲಿನ ಮಂಡಳಿಗೆ ಹೋಯಿತು. ಪ್ರವಾಸಿಗರಿಂದ ಬಂದ ಹಣ ಸುತ್ತು ಹಾಕಿ ಊರಿಗೆ ಬರುವುದು ತಡವಾಯಿತೆಂದು ದ್ವೀಪದವರು ದೂರಿದರು. ನಾವೇ ಕಾಯ್ದದ್ದು, ಈಗ ನಮ್ಮನ್ನೇ ಕೇಳುವುದಿಲ್ಲ ಅಂತ. ನಮಗೆ ಹೊಸದೇನಲ್ಲ ಇಂಥ ದೂರು.

34 ಕಿಲೋಮೀಟರ್ ಕಾಯುವುದು ನಮ್ಮಿಂದಾಗುವ ಮಾತಲ್ಲ. ಆದರೆ ದಂಡೆಯ ಒಂದೊಂದು ಊರು ತನ್ನ ಕಣ್ಣಿಗೆ ಕಾಣುವ ಒಂದೊಂದು ಮಡುವು ಬಿಡಬಹುದಲ್ಲ? ಯಾವ ಮಡುವು ಎಂದು ಬೆಸ್ತರೇ ಆರಿಸಬೇಕು, ಬತ್ತದ್ದು ಯಾವುದೆಂದು ಬಲ್ಲವರು ಅವರು. ಮೊದಲ ವರ್ಷ ಅವರಿಗೆ ನಷ್ಟವೇ. ಆ ನಷ್ಟ ಯಾರು ತುಂಬಿಕೊಡಬೇಕು ಅನ್ನುವುದನ್ನು ಮೊದಲೇ ಮಾತಾಡದಿದ್ದರೆ ಕೆಲಸ ಕೆಡುತ್ತದೆ. ಹರಿಗೋಲು ಹತ್ತಿ ಹಂಪಿ ನೋಡುವ ಪ್ರವಾಸಿಗರಿಂದ ಸ್ವಲ್ಪ ತೆಗೆಯಬಹುದು ಎಂದು ನನ್ನ ಅಂದಾಜು. ಹಣ ಊರಿನಲ್ಲೇ ಉಳಿಯಬೇಕು ಅಷ್ಟೇ.

ಕೈ ಕಳೆದುಕೊಂಡ ಗೆಳೆಯ ಈಗ ಹೆಂಡತಿ ಊರಲ್ಲಿದ್ದಾನೆ, ಕಂಪ್ಲಿ ಕಡೆ ಹೊಳೆದಂಡೆಯಲ್ಲೇ. ಎಡಗೈಯಲ್ಲೇ ಕುಡುಗೋಲು ಹಿಡಿಯುವುದನ್ನು ಕಲಿತಿದ್ದಾನೆ. ಹೋದ ತಿಂಗಳು ಹೋಗಿ ಇದನ್ನೆಲ್ಲ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, ಮುಂದಿನ ಗ್ರಾಮಸಭೆಯಲ್ಲಿ ಮಡುವಿನ ಮಾತು ತಾನೇ ಎತ್ತುತ್ತೇನೆ ಅಂದ. "ನೀನು ಬಾ. ಸ್ಟೌವ್ ಸಿಡಿದಿದ್ದಲ್ಲ ಅಂತ ಅವತ್ತೇ ಹೇಳಿಬಿಡ್ತೀನಿ."