ಹಿಂದಿರುಗಿದವನಿಗೆ ಮತ್ತೆ ಬಂದ ಕರೆ



ಶಾಲೆಯನ್ನು ಬಿಟ್ಟು ಸಂಸಾರದಲ್ಲಿಯೂ ಉದ್ಯೋಗದಲ್ಲಿಯೂ ತೊಡಗಿರುವ ನಮ್ಮಲ್ಲಿ ಅನೇಕರ ಹೃದಯದೊಳಗೆ ಯಾರಿಗೂ ಹೇಳದ ಒಂದು ನೋವು ಇರುತ್ತದೆ. ಬಾಲ್ಯದಲ್ಲಿ ಮೊಣಕಾಲೂರಿ ದೇವರಿಗೆ ಕೊಟ್ಟ ಮಾತು ನೆನಪಿದೆ. ಅದು ನೆರವೇರಲಿಲ್ಲವೆಂಬುದೂ ನೆನಪಿದೆ. ಒಬ್ಬಳು ದಾದಿಯಾಗಬೇಕೆಂದು ಹೋಗಿ ಅರ್ಧದಲ್ಲಿಯೇ ಮನೆಗೆ ಬಂದಳು. ಇನ್ನೊಬ್ಬಳು ನೆರೆಹೊರೆಯ ಮಕ್ಕಳಿಗೆ ಭಾನುವಾರದ ಪಾಠವನ್ನು ಆರಂಭಿಸಿ ಕೆಲವು ವಾರಗಳಲ್ಲಿ ನಿಲ್ಲಿಸಿದಳು. ಇಂಥವರನ್ನು ದೇವರು ಇನ್ನೂ ಕರೆಯುವನೇ? ಈ ಪ್ರಶ್ನೆಗೆ ಉತ್ತರವು ಮಾರ್ಕನ ಚರಿತ್ರೆಯಲ್ಲಿದೆ.

ಮಾರ್ಕನೆಂಬ ಯೋಹಾನನು ಭಕ್ತಿಯುಳ್ಳ ಮನೆಯಲ್ಲಿ ಬೆಳೆದವನು. ಯೆರೂಸಲೇಮಿನಲ್ಲಿದ್ದ ಅವನ ತಾಯಿ ಮರಿಯಳ ಮನೆಯಲ್ಲಿ ವಿಶ್ವಾಸಿಗಳು ಪ್ರಾರ್ಥನೆಗಾಗಿ ಸೇರುತ್ತಿದ್ದರು. ಸುಮಾರು ಕ್ರಿ. ಶ. 47ರಲ್ಲಿ ಪೌಲನೂ ಬಾರ್ನಬನೂ ಸುವಾರ್ತಾ ಪ್ರಯಾಣಕ್ಕೆ ಹೊರಟಾಗ ಅವನು ಅವರ ಸಹಾಯಕನಾಗಿ ಹೋದನು. ಕುಪ್ರದ್ವೀಪವನ್ನು ದಾಟಿ ಪಂಫುಲ್ಯ ಸೀಮೆಯ ಪೆರ್ಗೆ ಎಂಬ ಊರನ್ನು ಸೇರುತ್ತಲೇ ಅವರನ್ನು ಬಿಟ್ಟು ಯೆರೂಸಲೇಮಿಗೆ ಹಿಂದಿರುಗಿದನು. ಭಯದಿಂದಲೋ ದಣಿವಿನಿಂದಲೋ ತಾಯಿಯ ನೆನಪಿನಿಂದಲೋ, ಸತ್ಯವೇದವು ಕಾರಣವನ್ನು ಹೇಳುವುದಿಲ್ಲ. ಅವನ ತಪ್ಪನ್ನು ಮರೆಮಾಚುವುದೂ ಇಲ್ಲ.

ಕೆಲವು ವರುಷಗಳ ತರುವಾಯ ಮತ್ತೊಂದು ಪ್ರಯಾಣದ ಪ್ರಸ್ತಾಪವಾಯಿತು. ಮಾರ್ಕನನ್ನು ಕರೆದುಕೊಂಡು ಹೋಗೋಣವೆಂದು ಬಾರ್ನಬನು ಹೇಳಿದನು. ನಡುವೆ ಬಿಟ್ಟುಹೋದವನು ಬೇಡವೆಂದು ಪೌಲನು ಹೇಳಿದನು. ಮಾತು ತೀಕ್ಷ್ಣವಾಗಿ, ಆ ಇಬ್ಬರು ಮಹಾಸೇವಕರು ಅಗಲಿದರು. ಪೌಲನು ಸೀಲನೊಡನೆ ಸಿರಿಯ, ಕಿಲಿಕ್ಯ ಸೀಮೆಗಳ ಕಡೆಗೆ ಹೋದನು. ಬಾರ್ನಬನು ಮಾರ್ಕನೊಡನೆ ಕುಪ್ರದ್ವೀಪಕ್ಕೆ ಹಡಗು ಹತ್ತಿದನು. ತನ್ನಿಂದಾಗಿ ಇಂಥ ಅಗಲಿಕೆ ಬಂದಿತೆಂಬ ವ್ಯಥೆ ಆ ಯೌವನಸ್ಥನಿಗೆ ಎಷ್ಟಿತ್ತೋ!

ಆದರೂ ಅವನು ಹಡಗನ್ನು ಹತ್ತಿದನು. ನಾವು ಗಮನಿಸಬೇಕಾದದ್ದು ಇದನ್ನೇ. ಪಶ್ಚಾತ್ತಾಪಕ್ಕೂ ನಿರಾಶೆಗೂ ಬಹಳ ಭೇದವುಂಟು. ಪಶ್ಚಾತ್ತಾಪವು ನಮ್ಮ ಕಣ್ಣನ್ನು ದೇವರ ಕಡೆಗೆ ತಿರುಗಿಸುತ್ತದೆ. ನಿರಾಶೆಯು ನಮ್ಮ ಕುಂದುಗಳ ಮೇಲೆಯೇ ನಿಲ್ಲಿಸುತ್ತದೆ. ದೇವರ ಕರೆಯು ನಮ್ಮ ಯೋಗ್ಯತೆಗೆ ದೊರೆತ ಬಹುಮಾನವಾಗಿದ್ದರೆ ಯೋಗ್ಯತೆ ಹೋದಾಗ ಅದೂ ಹೋಗಬೇಕಾಗಿತ್ತು. ಅದು ಕೃಪೆಯಿಂದ ಬಂದದ್ದಾದುದರಿಂದ ನಿಂತಿದೆ. ಮತ್ತು ಆ ಕರೆಯು ಮಾರ್ಕನನ್ನು ಮೊದಲು ಒಯ್ದದ್ದು ಹೊಸ ದೇಶಕ್ಕಲ್ಲ, ಅವನು ಒಮ್ಮೆ ಸೇವೆಮಾಡಿದ್ದ ದ್ವೀಪಕ್ಕೇ.

ಕಾಲಾನಂತರದಲ್ಲಿ ಪೌಲನು ಸೆರೆಯಲ್ಲಿದ್ದಾಗ, ಮಾರ್ಕನು ಬಂದರೆ ಸೇರಿಸಿಕೊಳ್ಳಿರೆಂದು ಕೊಲೊಸ್ಸೆಯ ಸಭೆಗೆ ಬರೆದನು. ತಿಮೊಥೆಯನಿಗೆ ಬರೆದ ಎರಡನೆಯ ಪತ್ರಿಕೆಯಲ್ಲಿ, ಅವನು ಸೇವೆಗೆ ಉಪಯುಕ್ತನೆಂದು ಹೇಳಿ ಕರೆತರುವಂತೆ ಕೇಳಿಕೊಂಡನು. ಬೇಡವೆಂದ ಬಾಯಿಯೇ ಬೇಕೆಂದಿತು. ಪೇತ್ರನು ಅವನನ್ನು ಮಗನೆಂದು ಕರೆದನು. ಆ ಪೇತ್ರನೂ ಒಂದು ರಾತ್ರಿ ಮೂರು ಸಾರಿ ಕರ್ತನನ್ನು ಅರಿಯೆನೆಂದು ಹೇಳಿ ಅತ್ತವನೇ. ಪೇತ್ರನು ಬೋಧಿಸಿದ್ದನ್ನು ಮಾರ್ಕನು ಬರೆದಿಟ್ಟನೆಂದು ಪುರಾತನ ಸಭೆಯ ಸಂಪ್ರದಾಯವು ತಿಳಿಸುತ್ತದೆ. ಅವನ ಹೆಸರಿನ 16 ಅಧ್ಯಾಯಗಳ ಸುವಾರ್ತೆಯನ್ನು ನಾವು ಇಂದಿಗೂ ಓದುತ್ತೇವೆ. ಪೇತ್ರನು ಕರ್ತನನ್ನು ಅರಿಯೆನೆಂದ ಆ ರಾತ್ರಿಯ ವೃತ್ತಾಂತವೂ ಅದರಲ್ಲಿದೆ.

ಮಾತಾಪಿತೃಗಳಿಗೆ ಒಂದು ಬಿನ್ನಹ. ಬಾರ್ನಬನೆಂಬ ಹೆಸರಿಗೆ ಧೈರ್ಯ ತುಂಬುವವನೆಂದು ಅರ್ಥ. ಹಿಂದೆ ಶಿಷ್ಯರೆಲ್ಲರೂ ಪೌಲನಿಗೆ ಅಂಜಿ ದೂರವಿದ್ದಾಗ ಅವನನ್ನು ಅಪೊಸ್ತಲರ ಬಳಿಗೆ ಕರೆತಂದವನೂ ಅವನೇ. ಪರೀಕ್ಷೆಯಲ್ಲಿ ತೇರ್ಗಡೆಯಾಗದ ಮಗಳು, ಕೆಲಸವನ್ನು ಬಿಟ್ಟು ಬಂದ ಮಗಳು, ತಲೆ ತಗ್ಗಿಸಿ ಬಾಗಿಲಲ್ಲಿ ನಿಂತಾಗ ನಾವು ಅವಳಿಗೆ ಬಾರ್ನಬರಾಗುವೆವೋ? ದೇವರ ಎರಡನೆಯ ಕರೆಯು ಎಷ್ಟೋ ಸಾರಿ ಮನೆಯವರ ಧ್ವನಿಯಲ್ಲಿಯೇ ಕೇಳಿಬರುತ್ತದೆ.

ಸೋದರಿಯರೇ, ಮಾರ್ಕನು ಮೊದಲು ಹೊರಟದ್ದು ಸಹಾಯಕನಾಗಿ; ಪೌಲನು ಕಡೆಗೆ ಅವನನ್ನು ಕರೆಸಿದ್ದೂ ಸೇವೆಗಾಗಿಯೇ. ಬಿಟ್ಟ ಕೆಲಸವು ಎಲ್ಲಿ ನಿಂತಿತೋ ಅಲ್ಲಿಂದಲೇ ಎತ್ತಿಕೊಳ್ಳೋಣ. ನಿಂತುಹೋದ ಭಾನುವಾರದ ಪಾಠಕ್ಕೆ ಬರುವ ಭಾನುವಾರ ಇಬ್ಬರೇ ಮಕ್ಕಳು ಬಂದರೂ ಸಾಕು. ಕರೆದಾತನು ನಂಬಿಗಸ್ತನು.