ಫೋನಿನಲ್ಲೇ 200 ಮೆಗಾಪಿಕ್ಸೆಲ್ ಇರುವಾಗ 42 ಮೆಗಾಪಿಕ್ಸೆಲ್‌ನ ಹಳೇ ಕ್ಯಾಮೆರಾ ಯಾಕೆ?

‘ಫೋನ್ 200 ಮೆಗಾಪಿಕ್ಸೆಲ್, ಕ್ಯಾಮೆರಾ ಬರೀ 42. ಇನ್ನೂ ಕ್ಯಾಮೆರಾ ಕೊಳ್ಳುವವರು ದಡ್ಡರು’ ಎನ್ನುವ ಧಾಟಿಯ ಸಂದೇಶ ನಿಮ್ಮ ಗುಂಪಿಗೂ ಬಂದಿರಬಹುದು. ಅದರ ಬೆನ್ನಿಗೇ ಇನ್ಯಾರೋ ‘ದೊಡ್ಡ ಸ್ಟುಡಿಯೋದವರು ಬಳಸುತ್ತಿದ್ದ ಕ್ಯಾಮೆರಾ ಈಗ ಕಡಿಮೆ ಬೆಲೆಗೆ, ಫೋನ್ ಅದರ ಹತ್ತಿರಕ್ಕೂ ಬರಲ್ಲ’ ಎಂದು ಮತ್ತೊಂದನ್ನು ಹಾಕಿರುತ್ತಾರೆ. ಎರಡೂ ಅರ್ಧ ಸತ್ಯ. ಸಕಲೇಶಪುರದ ಹಾನುಬಾಳು ಕಡೆ ಹೋಂಸ್ಟೇ ನಡೆಸುವವರಿಗೆ, ಮದುವೆ ಫೋಟೋ ತೆಗೆದು ಬದುಕುವ ಹುಡುಗರಿಗೆ ಇದು ಒಂದು ವರ್ಷದ ಉಳಿತಾಯದ ಪ್ರಶ್ನೆ. ಹಾಗಾಗಿ ಲೆಕ್ಕ ಹಾಕಿಯೇ ನೋಡೋಣ.

ಉದಾಹರಣೆಗೆ ಸೋನಿ ಎ7ಆರ್ 2 ಕ್ಯಾಮೆರಾ ತೆಗೆದುಕೊಳ್ಳಿ. ಮಾರುಕಟ್ಟೆಗೆ ಬಂದದ್ದು 2015ರಲ್ಲಿ. ಅಮೆರಿಕದಲ್ಲಿ ಆಗಿನ ಬೆಲೆ ಸುಮಾರು 3,200 ಡಾಲರ್, ಅದೂ ಲೆನ್ಸ್ ಬಿಟ್ಟು. 42 ಮೆಗಾಪಿಕ್ಸೆಲ್‌ನ ಫುಲ್ ಫ್ರೇಮ್ ಮಿರರ್‌ಲೆಸ್ ಇದು. ಹಳೆಯ ಡಿಎಸ್‌ಎಲ್‌ಆರ್‌ಗಳಲ್ಲಿ ಕ್ಲಿಕ್ ಮಾಡಿದಾಗಲೆಲ್ಲ ಒಳಗೆ ಒಂದು ಕನ್ನಡಿ ಮೇಲೆದ್ದು ಕೂರುತ್ತದೆ. ಇದರಲ್ಲಿ ಆ ಕನ್ನಡಿ ಇಲ್ಲ, ಸೆನ್ಸರ್ ಕಂಡದ್ದನ್ನೇ ನೀವೂ ಪರದೆಯಲ್ಲಿ ಕಾಣುತ್ತೀರಿ.

ಈಗ 200 ಮತ್ತು 42ರ ಜಗಳ. 2023ರ ಸ್ಯಾಮ್‌ಸಂಗ್ ಎಸ್23 ಅಲ್ಟ್ರಾ ಫೋನಿನ 200 ಮೆಗಾಪಿಕ್ಸೆಲ್ ಸೆನ್ಸರ್‌ನ ವಿಸ್ತೀರ್ಣ ಸುಮಾರು 72 ಚದರ ಮಿಲಿಮೀಟರ್. ಫುಲ್ ಫ್ರೇಮ್ ಸೆನ್ಸರ್ 36 ಮಿ.ಮೀ. ಉದ್ದ, 24 ಮಿ.ಮೀ. ಅಗಲ, ಅಂದರೆ 864 ಚದರ ಮಿ.ಮೀ. ಹನ್ನೆರಡು ಪಟ್ಟು ದೊಡ್ಡದು. ಮಳೆ ಬರುವಾಗ ಅಂಗಳದಲ್ಲಿ ಒಂದು ಲೋಟ, ಒಂದು ಅಗಲ ಬಾಯಿಯ ಹಂಡೆ ಇಟ್ಟರೆ ಯಾವುದರಲ್ಲಿ ಹೆಚ್ಚು ನೀರು ಬೀಳುತ್ತದೆ? ಬೆಳಕಿನ ಕತೆಯೂ ಅಷ್ಟೇ. ಲೋಟದೊಳಗೆ 200 ಮನೆ ಮಾಡಿದರೆ ಬೀಳುವ ನೀರು ಹೆಚ್ಚುವುದಿಲ್ಲ. ಅದಕ್ಕೇ ಆ ಫೋನು ತಾನಾಗಿಯೇ ಹದಿನಾರು ಪಿಕ್ಸೆಲ್‌ಗಳನ್ನು ಒಂದುಗೂಡಿಸಿ ಸಾಮಾನ್ಯವಾಗಿ 12 ಮೆಗಾಪಿಕ್ಸೆಲ್ ಫೋಟೋ ಕೊಡುತ್ತದೆ. 200 ಎಂಬ ಅಂಕಿ ಸುಳ್ಳಲ್ಲ. ಆದರೆ ದಿನನಿತ್ಯ ನಿಮ್ಮ ಗ್ಯಾಲರಿಯಲ್ಲಿ ಕೂರುವುದು ಆ 200 ಅಲ್ಲ.

ಹಾಗಾದರೆ ಕ್ಯಾಮೆರಾ ಗೆದ್ದಿತೇ? ತಡೆಯಿರಿ. ಮಾರುವವರು ಹೇಳದ ಮಾತು ಇಲ್ಲಿದೆ. ಎಷ್ಟು ಬೆಳಕು ಸೇರುತ್ತದೆ ಎನ್ನುವುದನ್ನು ಸೆನ್ಸರ್ ಜೊತೆಗೆ ಲೆನ್ಸಿನ ಕಿಂಡಿಯೂ ತೀರ್ಮಾನಿಸುತ್ತದೆ. ಆ ಫೋನಿನ ಕಿಂಡಿ ಎಫ್/1.7. ಹಳೇ ಕ್ಯಾಮೆರಾಕ್ಕೆ ಎಫ್/4ರ ಜೂಮ್ ಲೆನ್ಸ್ ಹಾಕಿದರೆ ಹನ್ನೆರಡು ಪಟ್ಟಿನ ಲಾಭ ಕರಗಿ ಬರೀ ಎರಡು ಪಟ್ಟಿಗೆ ಇಳಿಯುತ್ತದೆ. ಅದೇ ಬಾಡಿಗೆ ಎಫ್/1.8ರ 50 ಮಿ.ಮೀ. ಲೆನ್ಸ್ ಹಾಕಿ: ಹತ್ತು ಪಟ್ಟಿಗಿಂತ ಹೆಚ್ಚು ಬೆಳಕು ಕೈಲೇ ಉಳಿಯುತ್ತದೆ. ಜೊತೆಗೆ ಇವತ್ತಿನ ಫೋನು ಕಣ್ಣು ಮಿಟುಕಿಸುವಷ್ಟರಲ್ಲಿ ಹಲವು ಫೋಟೋ ತೆಗೆದು ಬೆಸೆಯುತ್ತದೆ. ಕದಲದ ಬೆಟ್ಟ, ಮನೆ, ಊಟದ ತಟ್ಟೆಗೆ ಆ ಬೆಸುಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಧಾರೆ ಎರೆಯುವಾಗಿನ ಕೈ, ಓಡಾಡುವ ಮಕ್ಕಳು, ಮಂದ ದೀಪದ ಕಲ್ಯಾಣಮಂಟಪ ಬಂದಾಗ ತಡವರಿಸುತ್ತದೆ. ಮದುವೆ ಫೋಟೋಗ್ರಾಫರ್‌ಗೆ ಹಳೇ ಕ್ಯಾಮೆರಾ ಇಂದಿಗೂ ಬೇಕಾಗುವುದು ಇಂಥಲ್ಲೇ. ಬಾಡಿಗೆ ದುಡ್ಡೆಲ್ಲ ಸುರಿದು ಅಗ್ಗದ ಲೆನ್ಸ್ ಕೊಂಡರೆ ಮಾತ್ರ ಎಲ್ಲ ಹಾಳು.

ಇನ್ನು ಫೋಟೋ ಎಲ್ಲಿಗೆ ಹೋಗುತ್ತದೆ ಎನ್ನುವುದನ್ನು ನೋಡಿ. ಈ ಕ್ಯಾಮೆರಾದ ಒಂದು ಚಿತ್ರ 7,952 ಪಿಕ್ಸೆಲ್ ಅಗಲ, 5,304 ಪಿಕ್ಸೆಲ್ ಎತ್ತರ. ಅತ್ಯುತ್ತಮ ಗುಣಮಟ್ಟದಲ್ಲಿ ಮುದ್ರಿಸಿದರೆ 26 ಇಂಚು ಅಗಲದ ಚಿತ್ರ ಗೋಡೆಗೆ ಹಾಕಬಹುದು. ಅದನ್ನೇ ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಕಳಿಸಿ, ಉದ್ದದ ಬದಿ ಸುಮಾರು 1,600 ಪಿಕ್ಸೆಲ್‌ಗೆ ಇಳಿಯುತ್ತದೆ. ಅಂದರೆ 1.7 ಮೆಗಾಪಿಕ್ಸೆಲ್. ಇಪ್ಪತ್ತೈದರಲ್ಲಿ ಇಪ್ಪತ್ನಾಲ್ಕು ಪಾಲು ದಾರಿಯಲ್ಲೇ ಸೋರಿಹೋಯಿತು! 2023ರಲ್ಲಿ ಬಂದ ಎಚ್‌ಡಿ ಆಯ್ಕೆ ಒತ್ತಿದರೆ ಸೋರಿಕೆ ಕಡಿಮೆ. ‘ಡಾಕ್ಯುಮೆಂಟ್’ ಎಂದು ಕಳಿಸಿದರೆ ಮೂಲ ಫೈಲೇ ಹೋಗುತ್ತದೆ. ‘ಫೋನು ಮತ್ತು ಕ್ಯಾಮೆರಾ, ವ್ಯತ್ಯಾಸವೇ ಇಲ್ಲ ನೋಡಿ’ ಎಂದು ಅಕ್ಕಪಕ್ಕ ಇಟ್ಟ ಚಿತ್ರಗಳು ಫಾರ್ವರ್ಡ್ ಆಗಿ ಬಂದರೆ, ನೀವು ನೋಡುತ್ತಿರುವುದು ಎರಡನ್ನೂ ಹಿಂಡಿದ ಮೇಲಿನ ಚರಟ. ಅದರಿಂದ ಯಾವ ತೀರ್ಮಾನಕ್ಕೂ ಬರುವಂತಿಲ್ಲ. ಹಾಗೆಯೇ ನಿಮ್ಮ ಫೋಟೋಗಳೆಲ್ಲ ಸ್ಟೇಟಸ್‌ಗೇ ಹೋಗುವುದಾದರೆ 42 ಮೆಗಾಪಿಕ್ಸೆಲ್ ನಿಮಗೆ ಬೇಡ. ಇರುವ ಫೋನೇ ಸಾಕು.

ಹೂಮಳೆ ಬಿದ್ದ ಎಂಟು-ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುವ ಕಾಫಿ ಹೂವು, ಬಂಡೆ ಮೇಲೆ ಕೂತ ಕಪ್ಪೆ, ಬೆಳಗಿನ ಮಂಜಿನ ಬೆಟ್ಟ: ಇವಕ್ಕೆ ಈ ಕ್ಯಾಮೆರಾ ಹೇಳಿ ಮಾಡಿಸಿದ್ದು. ಅರ್ಧಕ್ಕಿಂತ ಹೆಚ್ಚು ಕತ್ತರಿಸಿದರೂ 18 ಮೆಗಾಪಿಕ್ಸೆಲ್ ಉಳಿಯುತ್ತದೆ. ಮಂಗಟ್ಟೆ ಹಕ್ಕಿ ಹಾರುವುದನ್ನು ಹಿಡಿಯಬೇಕೆಂದರೆ ಬೇಡ. ಸೆಕೆಂಡಿಗೆ ಐದೇ ಫೋಟೋ, ಹಕ್ಕಿಯ ಕಣ್ಣು ಗುರುತಿಸುವ ಬುದ್ಧಿ ಇಲ್ಲ. ದೂರದ ಲೆನ್ಸಿನ ಖರ್ಚು ಬೇರೆ.

ಖರ್ಚು ಎಂದಾಗ ನೆನಪಾಯಿತು. ಕುಗ್ಗಿಸದ ರಾ ಫೈಲ್ ಒಂದೊಂದೂ 80 ಎಂಬಿ ದಾಟುತ್ತದೆ. ಒಂದು ಮದುವೆಗೆ ಸಾವಿರ ಫೋಟೋ ಎಂದರೆ 80 ಜಿಬಿ. ಕಾರ್ಡು, ಹಾರ್ಡ್ ಡಿಸ್ಕ್, ಅದನ್ನು ತೆರೆಯಬಲ್ಲ ಕಂಪ್ಯೂಟರ್, ಎಲ್ಲದರ ಬೆಲೆಯನ್ನೂ ಕ್ಯಾಮೆರಾದ ಬೆಲೆಗೇ ಸೇರಿಸಿಕೊಳ್ಳಿ. ಒಂದೇ ಕಾರ್ಡ್ ಹಾಕಲು ಜಾಗವಿರುವುದರಿಂದ ಕಾರ್ಡ್ ಕೆಟ್ಟರೆ ಮದುವೆಯೇ ಮಾಯ. ಪರದೆ ನೋಡಿಕೊಂಡು ತೆಗೆದರೆ ಒಂದು ಚಾರ್ಜಿಗೆ ಸುಮಾರು 340 ಫೋಟೋ. 2017ರ ಎ7ಆರ್ 3ರಲ್ಲಿ ಇದು 650ಕ್ಕೆ ಏರಿತು, ಕಾರ್ಡಿಗೂ ಎರಡು ಜಾಗ ಬಂತು. ಸಂಬಳಕ್ಕೆ, ಬಾಡಿಗೆಗೆ ಫೋಟೋ ತೆಗೆಯುವವರಾದರೆ ಸ್ವಲ್ಪ ಹೆಚ್ಚು ಕೊಟ್ಟು ಈ ಮೂರನೆಯದನ್ನೇ ಕೊಳ್ಳುವುದು ಲೇಸು ಎಂದು ನನ್ನ ಅಭಿಪ್ರಾಯ. ಸಮಾಧಾನದ ಸಂಗತಿಯೆಂದರೆ ಎರಡನ್ನೂ ಪವರ್ ಬ್ಯಾಂಕಿನಿಂದ ಚಾರ್ಜ್ ಮಾಡಬಹುದು. ಆಷಾಢದಲ್ಲಿ ಕರೆಂಟಿನ ಗತಿ ಗೊತ್ತಿರುವವರಿಗೆ ಇದು ಸಣ್ಣ ವಿಷಯವಲ್ಲ.

‘ಹಳೇ ಸೆನ್ಸರ್ ಮಂಜಾಗುತ್ತದೆ’ ಎಂಬ ಮಾತಿದೆಯಲ್ಲ, ಅದು ಸುಳ್ಳು. ವರ್ಷ ಕಳೆದಂತೆ ಅಲ್ಲೊಂದು ಇಲ್ಲೊಂದು ಪಿಕ್ಸೆಲ್ ಬಿಳಿ ಚುಕ್ಕೆಯಾಗಬಹುದು, ಅಷ್ಟೇ. ಮಲೆನಾಡಿನಲ್ಲಿ ನಿಜವಾಗಿ ಮಂಜಾಗುವುದು ಲೆನ್ಸು. ಕಾರಣ ಬೂಷ್ಟು. ಗಾಳಿಯ ತೇವ 60-70 ಶೇಕಡ ದಾಟಿ ಹಾಗೇ ನಿಂತರೆ ಗಾಜಿನ ಮೇಲೆ ಬೂಷ್ಟಿನ ಎಳೆಗಳು ಹಬ್ಬುತ್ತವೆ. ಅದು ಬಿಡುವ ಆಮ್ಲ ಗಾಜಿನ ಲೇಪವನ್ನು ತಿಂದುಹಾಕಿದರೆ ಒರೆಸಿದರೂ ಕಲೆ ಹೋಗುವುದಿಲ್ಲ. ಹಾನುಬಾಳಿನ ಮಳೆಗಾಲದಲ್ಲಿ ಚಪ್ಪಲಿಗೇ ಬೂಷ್ಟು ಹಿಡಿಯುವಾಗ ಚೀಲದೊಳಗೆ ಮುಚ್ಚಿಟ್ಟ ಲೆನ್ಸನ್ನು ಅದು ಬಿಟ್ಟೀತೇ?

ಇದಕ್ಕೆ ಓಡಾಡುವ ಮನೆಮದ್ದು ‘ಅಕ್ಕಿ ಡಬ್ಬದಲ್ಲಿ ಇಡಿ’. ಅಕ್ಕಿ ತೇವ ಹೀರುವುದು ಬಹಳ ನಿಧಾನ, ಅದೂ ಅಲ್ಪ. ಅದರ ಹಿಟ್ಟಿನ ಧೂಳು ಗುಂಡಿಗಳ ಸಂದಿಗೆ ಇಳಿಯುತ್ತದೆ. ಒಲೆಯ ಮೇಲಿನ ಅಟ್ಟ ಬೆಚ್ಚಗಿದ್ದರೂ ಹೊಗೆಯ ಜಿಡ್ಡು ಕೂರುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್, ಜೊತೆಗೊಂದು ಪುಟ್ಟ ತೇವಮಾಪಕ. ಮುಳ್ಳು 40ರಿಂದ 50ರ ನಡುವೆ ಇದ್ದರೆ ಸರಿ. ನೀಲಿ ಜೆಲ್ ಗುಲಾಬಿಗೆ ತಿರುಗಿದಾಗ ಬಿಸಿ ಮಾಡಿ ಮತ್ತೆ ಬಳಸಬಹುದು, ಆದರೆ ಅಡುಗೆ ಪಾತ್ರೆಯಲ್ಲಿ ಬೇಡ. ಆ ನೀಲಿಯಲ್ಲಿ ಕೋಬಾಲ್ಟ್ ಇರುತ್ತದೆ, ಅದು ವಿಷ. ಇನ್ನೊಂದು ಮಾತು: ಎಸ್23 ಅಲ್ಟ್ರಾ ನೀರಿಗೆ ಬಿದ್ದರೂ ತಡೆಯುವಂತೆ ಐಪಿ68 ದರ್ಜೆ ಪಡೆದಿದೆ. ಎ7ಆರ್ 2ಕ್ಕೆ ಅಂಥ ಯಾವ ದರ್ಜೆಯೂ ಇಲ್ಲ. ಜಡಿಮಳೆಗೆ ಅದನ್ನು ಹೊರಗೆ ತೆಗೆಯಬೇಡಿ.

ಕೊಳ್ಳಲು ಹೊರಟರೆ ಮಳೆ ನಿಂತ ಮೇಲೆ, ಹಗಲಲ್ಲಿ ಹೋಗಿ. ಲೆನ್ಸನ್ನು ಬಿಚ್ಚಿ ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಎದ್ದು ಬನ್ನಿ. ಎಫ್/16ಕ್ಕೆ ಇಟ್ಟು ಖಾಲಿ ಆಕಾಶದ ಒಂದು ಫೋಟೋ ತೆಗೆದು ದೊಡ್ಡದು ಮಾಡಿ. ಮಸುಕು ಚುಕ್ಕೆ ಧೂಳು, ಒರೆಸಿದರೆ ಹೋಗುತ್ತದೆ. ಗೆರೆ ಕಂಡರೆ ಸೆನ್ಸರಿಗೇ ಗೀರು ಬಿದ್ದಿದೆ. ಈ ಶಟರನ್ನು 5 ಲಕ್ಷ ಕ್ಲಿಕ್‌ವರೆಗೆ ಪರೀಕ್ಷಿಸಿದ್ದೇವೆ ಎಂದು ಕಂಪನಿ ಹೇಳಿದೆ, ಹಾಗಾಗಿ ಐವತ್ತು ಸಾವಿರ ಆಗಿದೆ ಎಂದರೆ ಗಾಬರಿ ಬೇಕಿಲ್ಲ. ಬಿಲ್ಲಿನಲ್ಲಿರುವ ಸೀರಿಯಲ್ ನಂಬರೂ ಕ್ಯಾಮೆರಾದ ತಳದಲ್ಲಿರುವುದೂ ಒಂದೇ ಇರಬೇಕು. ಬಿಲ್ಲೇ ಇಲ್ಲ ಎಂದರೆ ಬೆಲೆ ಎಷ್ಟೇ ಇಳಿಸಿದರೂ ಬೇಡ, ಕದ್ದ ಮಾಲಿಗೆ ಪೊಲೀಸರು ಮೊದಲು ಬರುವುದು ಕೊಂಡವರ ಮನೆಗೇ.