ಹಿಮವೀರರಿಗೆ ಅಂಚೆ ಕಟ್ಟಿದ ಪಟ್ಟ

1932ರ ಜನವರಿ 25ರಂದು ಅಮೆರಿಕದ ಅಂಚೆ ಇಲಾಖೆ ಎರಡು ಸೆಂಟಿನ ಕೆಂಪು ಅಂಚೆಚೀಟಿಯೊಂದನ್ನು ಬಿಡುಗಡೆ ಮಾಡಿತು. ನ್ಯೂಯಾರ್ಕ್ ರಾಜ್ಯದ ಲೇಕ್ ಪ್ಲಾಸಿಡ್ ಎಂಬ ಪುಟ್ಟ ಊರಿನಲ್ಲಿ ಹತ್ತು ದಿನಗಳ ನಂತರ ಮೂರನೇ ಚಳಿಗಾಲದ ಒಲಿಂಪಿಕ್ಸ್ ಶುರುವಾಗುವುದಿತ್ತು. ಚಳಿಗಾಲದ ಒಲಿಂಪಿಕ್ಸ್‌ಗೆಂದೇ ಹೊರಬಂದ ಜಗತ್ತಿನ ಮೊದಲ ಅಂಚೆಚೀಟಿ ಅದು. ಚಿತ್ರದಲ್ಲಿದ್ದವನು ಕಾಲಿಗೆ ಸ್ಕೀ ಕಟ್ಟಿಕೊಂಡು ಗಾಳಿಯಲ್ಲಿ ತೇಲುತ್ತಿದ್ದ ಒಬ್ಬ ಜಿಗಿತಗಾರ. ಕ್ರೀಡಾಕೂಟವನ್ನು ಉದ್ಘಾಟಿಸಿದವರು ಆಗ ಆ ರಾಜ್ಯದ ಗವರ್ನರ್ ಆಗಿದ್ದ ಫ್ರಾಂಕ್ಲಿನ್ ರೂಸ್‌ವೆಲ್ಟ್. ಮುಂದೆ ಅಮೆರಿಕದ ಅಧ್ಯಕ್ಷರಾದ ಅವರು ಬಾಲ್ಯದಿಂದಲೂ ಅಂಚೆಚೀಟಿ ಸಂಗ್ರಾಹಕರು.

ಚೀಟಿಯ ಮೇಲಿದ್ದ ಜಿಗಿತಗಾರನಿಗೆ ಹೆಸರಿರಲಿಲ್ಲ. ಕೆಲವೇ ದಿನಗಳಲ್ಲಿ ಅದೇ ಕೂಟದ ಸ್ಕೀ ಜಿಗಿತದಲ್ಲಿ ಚಿನ್ನ ಗೆದ್ದವನು ನಾರ್ವೆಯ ಇಪ್ಪತ್ತು ವರ್ಷದ ತರುಣ ಬಿರ್ಗರ್ ರೂಡ್. ಸುಮಾರು ಆರು ದಶಕಗಳಾದ ಮೇಲೆ ನಾರ್ವೆಯ ಅಂಚೆ ಇಲಾಖೆ ಅವನನ್ನು ಹೆಸರು ಹಿಡಿದು ಕರೆದು ಅಂಚೆಚೀಟಿಯ ಮೇಲೆ ತಂದಿತು. ಹೆಸರಿಲ್ಲದ ಆಟಗಾರನಿಂದ ಹೆಸರುಳ್ಳ ಮನುಷ್ಯನವರೆಗೆ ಅಂಚೆಚೀಟಿ ನಡೆದು ಬಂದ ಈ ಹಾದಿಯಲ್ಲಿ ಕ್ರೀಡೆಯ ಚರಿತ್ರೆಯಿದೆ, ದೇಶಗಳ ಅಭಿಮಾನವಿದೆ, ವ್ಯಾಪಾರವೂ ಇದೆ.

ಮೊದಲು ಆಟ, ಆಮೇಲೆ ಆಟಗಾರ

ಆರಂಭದ ವರ್ಷಗಳಲ್ಲಿ ಅಂಚೆ ಇಲಾಖೆಗಳಿಗೆ ಬೇಕಿದ್ದದ್ದು ಕೂಟದ ಪ್ರಚಾರ. 1936ರ ಗಾರ್ಮಿಶ್-ಪಾರ್ಟೆನ್‌ಕಿರ್ಷೆನ್ ಕೂಟಕ್ಕಾಗಿ ಜರ್ಮನಿ ಹಿಂದಿನ ವರ್ಷದ ನವೆಂಬರ್‌ನಲ್ಲೇ ಮೂರು ಚೀಟಿಗಳನ್ನು ಹೊರತಂದಿತು: ಸ್ಪೀಡ್ ಸ್ಕೇಟಿಂಗ್, ಸ್ಕೀ ಜಿಗಿತ, ಬಾಬ್‌ಸ್ಲೆಡ್. ಅವುಗಳ ಮೇಲೆ 6+4, 12+6, 25+15 ಎಂದು ಬೆಲೆ ಅಚ್ಚಾಗಿತ್ತು. ಮೊದಲ ಅಂಕಿ ಅಂಚೆ ವೆಚ್ಚ, ಎರಡನೆಯದು ವಂತಿಗೆ. ಈ ಚೀಟಿ ಅಂಟಿಸಿ ಪತ್ರ ಬರೆದವರೆಲ್ಲ ತಿಳಿದೋ ತಿಳಿಯದೆಯೋ ವಂತಿಗೆ ಕೊಟ್ಟಂತಾಯಿತು. 1952ರ ಓಸ್ಲೋ ಕೂಟಕ್ಕೆ ನಾರ್ವೆಯೂ ಇದೇ ಬಗೆಯ ಮೂರು ಚೀಟಿಗಳನ್ನು ಮಾರಿತು. 1956ರ ಕೊರ್ಟಿನಾ ಕೂಟದ ಇಟಲಿ ಚೀಟಿಗಳಲ್ಲಿ ಆಟಗಾರರಿಗಿಂತ ಹೊಸ ಕ್ರೀಡಾಂಗಣಗಳಿಗೇ ಪ್ರಾಧಾನ್ಯ.

ಗೆದ್ದವರ ಮುಖ ಹಾಕದಿರಲು ಇನ್ನೊಂದು ಕಾರಣವಿತ್ತು. ರಾಜ ರಾಣಿಯರನ್ನು ಬಿಟ್ಟರೆ ಬದುಕಿರುವವರ ಚಿತ್ರ ಅಂಚೆಚೀಟಿಯ ಮೇಲೆ ಬರಬಾರದು ಎಂಬ ಕಟ್ಟಳೆ ಬಹಳ ದೇಶಗಳಲ್ಲಿತ್ತು. ಕ್ರೀಡಾಪಟುವಿನ ಮಟ್ಟಿಗೆ ಇದು ಕಠಿಣ ನಿಯಮ. ಇಪ್ಪತ್ತೈದರ ಪ್ರಾಯದಲ್ಲಿ ಗಳಿಸಿದ ಗೌರವ ಚೀಟಿಯ ಮೇಲೆ ಮೂಡಲು ಸಾಯುವ ತನಕ ಕಾಯಬೇಕು. ಬೇಸಿಗೆ ಮತ್ತು ಚಳಿಗಾಲದ ಒಲಿಂಪಿಕ್ಸ್ ಎರಡರಲ್ಲೂ ಬೇರೆ ಬೇರೆ ಆಟದಲ್ಲಿ ಚಿನ್ನ ಗೆದ್ದ ಅಮೆರಿಕದ ಎಡ್ಡಿ ಈಗನ್ ಅವರನ್ನೇ ನೋಡಿ. 1920ರಲ್ಲಿ ಆಂಟ್‌ವರ್ಪ್‌ನಲ್ಲಿ ಬಾಕ್ಸಿಂಗ್ ಚಿನ್ನ, 1932ರಲ್ಲಿ ಲೇಕ್ ಪ್ಲಾಸಿಡ್‌ನಲ್ಲಿ ನಾಲ್ವರ ಬಾಬ್‌ಸ್ಲೆಡ್ ಚಿನ್ನ. ಅವರು ತೀರಿಕೊಂಡದ್ದು 1967ರಲ್ಲಿ, ಅಂಚೆಚೀಟಿ ಬಂದದ್ದು 1990ರಲ್ಲಿ.

ಈ ಕಟ್ಟಳೆಗೆ ದೊಡ್ಡ ಮನಸ್ಸಿನ ವಿನಾಯಿತಿಗಳೂ ಇವೆ. ಸರ್ ಎಂ. ವಿಶ್ವೇಶ್ವರಯ್ಯನವರ ಶತಮಾನೋತ್ಸವಕ್ಕೆ 1960ರ ಸೆಪ್ಟೆಂಬರ್ 15ರಂದು ಭಾರತದ ಅಂಚೆ ಇಲಾಖೆ ಚೀಟಿ ಹೊರತಂದಾಗ ಅವರು ನಮ್ಮ ನಡುವೆಯೇ ಇದ್ದರು. ಆಸ್ಟ್ರೇಲಿಯಾದಲ್ಲಿ ರಾಜಮನೆತನಕ್ಕೆ ಸೇರದ, ಬದುಕಿರುವ ವ್ಯಕ್ತಿ ಮೊದಲ ಬಾರಿಗೆ ಚೀಟಿಯ ಮೇಲೆ ಕಂಡದ್ದು 1997ರಲ್ಲಿ. ಅವರು ಡಾನ್ ಬ್ರಾಡ್ಮನ್.

ನಾರ್ವೆಯ ಐದು ಹಾಳೆಗಳು

ಗೆದ್ದವರನ್ನು ಹೆಸರಿಟ್ಟು ಗೌರವಿಸುವ ಕೆಲಸವನ್ನು ನಾರ್ವೆ ಮಾಡಿದಷ್ಟು ಅಚ್ಚುಕಟ್ಟಾಗಿ ಮಾಡಿದ ದೇಶಗಳು ಕಡಿಮೆ. 1994ರ ಚಳಿಗಾಲದ ಒಲಿಂಪಿಕ್ಸ್ ಲಿಲ್ಲೆಹ್ಯಾಮರ್ ಊರಿನ ಪಾಲಾಯಿತೆಂದು 1988ರಲ್ಲಿ ಗೊತ್ತಾಯಿತು. ಮರುವರ್ಷದಿಂದ 1993ರವರೆಗೆ ವರ್ಷಕ್ಕೊಂದರಂತೆ ಐದು ಮಿನಿಯೇಚರ್ ಶೀಟ್‌ಗಳು ಬಂದವು. ಒಂದೊಂದು ಹಾಳೆಯಲ್ಲೂ ನಾಲ್ಕು ಚೀಟಿ, ಎಲ್ಲವೂ ನಾರ್ವೆಯ ಚಿನ್ನದ ಪದಕ ವಿಜೇತರಿಗೆ ಮೀಸಲು. ತೀರಿಕೊಂಡವರು, ವೃದ್ಧರು, ಇನ್ನೂ ಕಣದಲ್ಲಿದ್ದವರು ಎಂಬ ಭೇದವಿಲ್ಲದೆ ಎಲ್ಲರಿಗೂ ಇಲ್ಲಿ ಜಾಗ ಸಿಕ್ಕಿತು. ಕ್ರಾಸ್‌ಕಂಟ್ರಿ ಸ್ಕೀಯಿಂಗ್‌ನ ಬ್ಯೋರ್ನ್ ಡೇಲಿ ತನ್ನ ಚೀಟಿ ಹೊರಬಂದ ಮರುವರ್ಷವೇ ಲಿಲ್ಲೆಹ್ಯಾಮರ್‌ನಲ್ಲಿ ಇನ್ನೆರಡು ಚಿನ್ನ ಗೆದ್ದ.

ಈ ಹಾಳೆಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಒಂದು ಜನಾಂಗದ ಕಥೆಯೇ ತೆರೆದುಕೊಳ್ಳುತ್ತದೆ. ಮೊದಲ ಚಳಿಗಾಲದ ಒಲಿಂಪಿಕ್ಸ್ ನಡೆದ 1924ರ ಶಮೊನಿಯಲ್ಲಿ ಮೂರು ಚಿನ್ನ ಗೆದ್ದ ಥೋರ್ಲೀಫ್ ಹೌಗ್ ಇಲ್ಲಿದ್ದಾನೆ. ಸ್ಕೀ ಜಿಗಿತದಲ್ಲಿ ಅವನಿಗೆ ಕಂಚೂ ಸಿಕ್ಕಿತ್ತು. ಅಂಕ ಕೂಡುವಲ್ಲಿ ತಪ್ಪಾಗಿದೆ, ಆ ಕಂಚು ನಿಜಕ್ಕೂ ಅಮೆರಿಕದ ಆ್ಯಂಡರ್ಸ್ ಹೌಗನ್‌ಗೆ ಸೇರಬೇಕಾದದ್ದು ಎಂದು ಬಯಲಾದದ್ದು ಐವತ್ತು ವರ್ಷಗಳ ನಂತರ. ಥೋರ್ಲೀಫ್ 1934ರಲ್ಲೇ ತೀರಿಕೊಂಡಿದ್ದ. 1974ರಲ್ಲಿ ಓಸ್ಲೋದಲ್ಲಿ ಅವನ ಮಗಳು ಆ ಪದಕವನ್ನು ವೃದ್ಧ ಹೌಗನ್‌ರ ಕೈಗಿತ್ತಳು. ಗೆದ್ದ ಮೂರು ಚಿನ್ನದಷ್ಟೇ, ಹಿಂದಿರುಗಿಸಿದ ಆ ಒಂದು ಕಂಚೂ ಈ ಮನೆತನದ ಹಿರಿಮೆ.

ಬಿರ್ಗರ್ ರೂಡ್ ಬೆಳ್ಳಿ ಗಣಿಗಳಿಗೆ ಹೆಸರಾದ ಕೋಂಗ್ಸ್‌ಬರ್ಗ್ ಊರಿನವನು. ಅವನ ಅಣ್ಣ ಸಿಗ್ಮಂಡ್, ತಮ್ಮ ಆಸ್ಬ್ಯೋರ್ನ್ ಇಬ್ಬರೂ ಹೆಸರಾಂತ ಜಿಗಿತಗಾರರೇ. 1936ರಲ್ಲಿ ಬಿರ್ಗರ್ ಮತ್ತೆ ಚಿನ್ನ ಗೆದ್ದ. ಯುದ್ಧಕಾಲದಲ್ಲಿ ನಾರ್ವೆಯನ್ನು ಹಿಡಿದ ನಾಜಿಗಳ ಕ್ರೀಡಾ ವ್ಯವಸ್ಥೆಗೆ ತಲೆಬಾಗದ್ದಕ್ಕೆ ಗ್ರಿನಿ ಬಂದಿಖಾನೆ ಸೇರಿದ. ಬಿಡುಗಡೆಯಾಗಿ, 1948ರ ಸೇಂಟ್ ಮೊರಿಟ್ಸ್ ಕೂಟಕ್ಕೆ ತರಬೇತುದಾರನಾಗಿ ಹೋದವನು ತಾನೇ ಕಣಕ್ಕಿಳಿದು, 36ನೇ ವಯಸ್ಸಿನಲ್ಲಿ ಬೆಳ್ಳಿ ಗೆದ್ದ.

ಇದೇ ಸರಣಿಯಲ್ಲಿ ಸೋನ್ಯಾ ಹೆನಿಯೂ ಇದ್ದಾಳೆ. ಹನ್ನೊಂದರ ಬಾಲೆಯಾಗಿ 1924ರಲ್ಲಿ ಕೊನೆಯ ಸ್ಥಾನಕ್ಕೆ ತೃಪ್ತಿಪಟ್ಟವಳು 1928, 1932, 1936ರ ಮೂರೂ ಕೂಟಗಳಲ್ಲಿ ಫಿಗರ್ ಸ್ಕೇಟಿಂಗ್ ಚಿನ್ನ ಗೆದ್ದಳು, ಮುಂದೆ ಹಾಲಿವುಡ್ ತಾರೆಯಾದಳು. 1936ರಲ್ಲಿ ಬರ್ಲಿನ್ ಪ್ರದರ್ಶನವೊಂದರಲ್ಲಿ ಹಿಟ್ಲರನಿಗೆ ನಾಜಿ ವಂದನೆ ಸಲ್ಲಿಸಿದ್ದಕ್ಕೆ ಸ್ವಂತ ನಾಡಿನ ಪತ್ರಿಕೆಗಳಿಂದ ಕಟುಟೀಕೆಯನ್ನೂ ಎದುರಿಸಿದಳು. ರೂಡ್ ಮತ್ತು ಹೆನಿ ಇಬ್ಬರಿಗೂ ಸಿಕ್ಕ ಗೌರವ ಒಂದೇ ಅಳತೆಯದು. ಅಂಚೆಚೀಟಿ ಪದಕವನ್ನು ತೂಗಿತು. ಬದುಕನ್ನು ತೂಗುವ ಹೊಣೆಯನ್ನು ನೋಡುವವರಿಗೆ ಬಿಟ್ಟಿತು.

ಕೊನೆಯಲ್ಲಿದ್ದವನೇ ಮೊದಲಿಗ

ಹಿಮಕ್ಕೆ ಹೆಸರಾಗದ ದೇಶವೊಂದು ಹಿಮದ ಆಟದಲ್ಲಿ ಗೆದ್ದರೆ ಅಂಚೆ ಇಲಾಖೆಯ ಸಂಭ್ರಮ ಹೇಗಿರುತ್ತದೆ? ಅದನ್ನು ಕಾಣಬೇಕಾದರೆ 2002ರ ಆಸ್ಟ್ರೇಲಿಯಾಕ್ಕೆ ಹೋಗಬೇಕು. ಸಾಲ್ಟ್ ಲೇಕ್ ಸಿಟಿಯ ಶಾರ್ಟ್ ಟ್ರ್ಯಾಕ್ ಸ್ಕೇಟಿಂಗ್‌ನ 1000 ಮೀಟರ್ ಫೈನಲ್‌ನಲ್ಲಿ ಐವರಿದ್ದರು. ಸ್ಟೀವನ್ ಬ್ರಾಡ್‌ಬರಿ ಎಲ್ಲರಿಗಿಂತ ಹಿಂದೆ. ಕಡೆಯ ತಿರುವಿನಲ್ಲಿ ಮುಂದಿದ್ದ ನಾಲ್ವರೂ ಒಬ್ಬರ ಮೇಲೊಬ್ಬರು ಬಿದ್ದರು. ಬ್ರಾಡ್‌ಬರಿ ನೆಟ್ಟಗೆ ಗುರಿ ದಾಟಿದ. ದಕ್ಷಿಣ ಗೋಳಾರ್ಧಕ್ಕೇ ಅದು ಚಳಿಗಾಲದ ಒಲಿಂಪಿಕ್ಸ್‌ನ ಮೊದಲ ಚಿನ್ನ. ಎರಡು ದಿನಗಳಲ್ಲಿ ಅಲಿಸಾ ಕ್ಯಾಂಪ್ಲಿನ್ ಏರಿಯಲ್ಸ್ ಸ್ಕೀಯಿಂಗ್‌ನಲ್ಲಿ ಇನ್ನೊಂದು ಚಿನ್ನ ತಂದಳು. ಚಿನ್ನ ಗೆದ್ದವರ ಚೀಟಿಯನ್ನು ಕೂಡಲೇ ಅಚ್ಚು ಹಾಕುವ ಪದ್ಧತಿಯನ್ನು ಆಸ್ಟ್ರೇಲಿಯಾ 2000ದ ಸಿಡ್ನಿ ಕೂಟದಲ್ಲೇ ಆರಂಭಿಸಿತ್ತು. ಇವರಿಬ್ಬರ ಚೀಟಿಗಳೂ ಹಾಗೆಯೇ ಬೆನ್ನುಬೆನ್ನಿಗೆ ಹೊರಬಂದವು.

ಬ್ರಾಡ್‌ಬರಿಯದು ಬರೀ ಅದೃಷ್ಟ ಎಂದವರುಂಟು. ಆದರೆ 1994ರಲ್ಲಿ ಎದುರಾಳಿಯ ಸ್ಕೇಟಿನ ಅಲಗು ಅವನ ತೊಡೆಯನ್ನು ಸೀಳಿ 111 ಹೊಲಿಗೆ ಬಿದ್ದಿದ್ದವು. 2000ದಲ್ಲಿ ಅಭ್ಯಾಸದ ವೇಳೆ ಕತ್ತಿನ ಮೂಳೆ ಮುರಿದಿತ್ತು. ಎರಡು ಸಲ ಆಸ್ಪತ್ರೆಯ ಮಂಚದಿಂದ ಎದ್ದು ಬಂದು ಮಂಜುಗಡ್ಡೆಯ ಮೇಲೆ ನಿಂತವನಿಗೆ ಆ ಫೈನಲ್‌ನಲ್ಲಿ ಇರುವ ಹಕ್ಕು ದುಡಿದು ಬಂದದ್ದು.

ಮರುಭೂಮಿಯಿಂದ ಬಂದ ಹಿಮ

ಈ ಸಂಗ್ರಹದಲ್ಲಿ ವಿಚಿತ್ರವಾದ ಅಧ್ಯಾಯವೆಂದರೆ ಗಲ್ಫ್ ಸಂಸ್ಥಾನಗಳದ್ದು. 1960ರ ದಶಕದಲ್ಲಿ ಅಜ್ಮಾನ್, ಶಾರ್ಜಾ, ಉಮ್ ಅಲ್ ಕುವೈನ್‌ನಂಥ ಪುಟ್ಟ ಸಂಸ್ಥಾನಗಳು ಅಂಚೆಚೀಟಿ ಹೊರಡಿಸುವ ಹಕ್ಕನ್ನು ವಿದೇಶಿ ಏಜೆಂಟರಿಗೆ ಕೊಟ್ಟವು. 1964ರಲ್ಲಿ ಅಜ್ಮಾನ್‌ನೊಂದಿಗೆ ಒಪ್ಪಂದ ಮಾಡಿಕೊಂಡ ಅಮೆರಿಕದ ಫಿನ್‌ಬಾರ್ ಕೆನ್ನಿ ಇವರಲ್ಲಿ ಪ್ರಸಿದ್ಧ. ಎಣ್ಣೆಯ ಸಂಪತ್ತು ಇನ್ನೂ ಕೈಗೆ ಹತ್ತದ ಊರುಗಳಿಗೆ ಅದೊಂದು ವರಮಾನ. ಹೀಗೆ, ಹಿಮ ಕಾಣದ ಮರಳ ನಾಡುಗಳ ಹೆಸರಿನಲ್ಲಿ 1968ರ ಗ್ರೆನೋಬಲ್ ಮತ್ತು 1972ರ ಸಪ್ಪೊರೊ ಕೂಟಗಳ ವಿಜೇತರು ಬಣ್ಣಬಣ್ಣದ ಚೀಟಿಗಳಾದರು. ಆಲ್ಪೈನ್ ಸ್ಕೀಯಿಂಗ್‌ನಲ್ಲಿ ಮೂರೂ ಚಿನ್ನ ಬಾಚಿದ ಫ್ರಾನ್ಸಿನ ಜಾನ್-ಕ್ಲೋಡ್ ಕಿಲ್ಲಿ ಇವರಲ್ಲೊಬ್ಬ.

ಈ ಚೀಟಿಗಳಲ್ಲಿ ಬಹುಪಾಲು ಯಾವ ಪತ್ರವನ್ನೂ ಹೊತ್ತವಲ್ಲ. ಹಿಂಬದಿಯ ಅಂಟು ಹಾಗೇ ಇರುವಾಗಲೇ ಮೂಲೆಗೊಂದು ಠಸ್ಸೆ ಬಿದ್ದು ಪೊಟ್ಟಣ ಸೇರಿದವು. ನಮ್ಮ ದೇಶದ ಎಷ್ಟೋ ಮಕ್ಕಳ ಆಲ್ಬಮ್‌ಗಳಿಗೂ ಬಂದವು. ಹೆಸರಾಂತ ಕ್ಯಾಟಲಾಗ್‌ಗಳು ಇವುಗಳಲ್ಲಿ ಹಲವನ್ನು ಪಟ್ಟಿಗೆ ಸೇರಿಸಲು ಹಿಂದೇಟು ಹಾಕಿದವು. 1971ರ ಡಿಸೆಂಬರ್‌ನಲ್ಲಿ ಈ ಸಂಸ್ಥಾನಗಳು ಸೇರಿ ಸಂಯುಕ್ತ ಅರಬ್ ಸಂಸ್ಥಾನ ರೂಪುಗೊಂಡ ಮೇಲೆ ಈ ಪ್ರವಾಹ ಕ್ರಮೇಣ ನಿಂತಿತು. ಆದರೂ ಹಿಮದ ಆಟಗಳನ್ನು ಬಿಸಿಲ ನಾಡಿನ ಮಕ್ಕಳಿಗೆ ಮೊದಲು ಪರಿಚಯಿಸಿದ ಶ್ರೇಯ ಈ ಅಗ್ಗದ ಚೀಟಿಗಳಿಗೆ ಸಲ್ಲುತ್ತದೆ.

ಚೀಟಿಯನ್ನು ಓದುವ ಬಗೆ

ಈ ವಿಷಯದ ಚೀಟಿಗಳನ್ನು ಕೂಡಿಡುವವರು ಚಿತ್ರವನ್ನು ಓದಲು ಕಲಿಯಬೇಕು. ರೂಡ್ ಕಾಲದ ಜಿಗಿತಗಾರ ಸೊಂಟದಲ್ಲಿ ಬಾಗಿ, ಎರಡೂ ಸ್ಕೀಗಳನ್ನು ಜೋಡಿಸಿ ಸಮಾನಾಂತರವಾಗಿ ಹಿಡಿಯುತ್ತಿದ್ದ. ಅದಕ್ಕೆ ಕೋಂಗ್ಸ್‌ಬರ್ಗ್ ಶೈಲಿ ಎಂದೇ ಹೆಸರು. 1980ರ ದಶಕದಲ್ಲಿ ಸ್ವೀಡನ್ನಿನ ಯಾನ್ ಬೋಕ್ಲೊವ್ ಸ್ಕೀಗಳ ತುದಿಯನ್ನು ಅಗಲಿಸಿ ಇಂಗ್ಲಿಷಿನ ‘ವಿ’ ಅಕ್ಷರದಂತೆ ಹಾರತೊಡಗಿದಾಗ ತೀರ್ಪುಗಾರರು ಅವನ ಅಂಕ ಕತ್ತರಿಸಿದರು. ಕೆಲವೇ ವರ್ಷಗಳಲ್ಲಿ ಎಲ್ಲರೂ ಅವನ ದಾರಿಗೇ ಬಂದರು. ಸ್ಕೀಗಳ ಕೋನ ನೋಡಿಯೇ ಚೀಟಿಯ ಆಟಗಾರ ಯಾವ ಕಾಲದವನೆಂದು ಹೇಳಬಹುದು.

ಇಷ್ಟನ್ನು ಚೀಟಿ ತಾನೇ ತೋರಿಸುತ್ತದೆ. ಉಳಿದದ್ದನ್ನು ಸಂಗ್ರಾಹಕರು ಬರೆಯಬೇಕು. ಹೌಗ್‌ನ ಚೀಟಿಯ ಕೆಳಗೆ ಹಿಂದಿರುಗಿದ ಕಂಚಿನ ಕಥೆ, ರೂಡ್‌ನ ಕೆಳಗೆ ಗ್ರಿನಿಯ ಹೆಸರು, ಹೆನಿಯ ಕೆಳಗೆ ಬರ್ಲಿನ್ನಿನ ಆ ಸಂಜೆ, ಬ್ರಾಡ್‌ಬರಿಯ ಕೆಳಗೆ ಆ 111 ಹೊಲಿಗೆಗಳು ಇರಬೇಕು. ವಿಷಯಾಧಾರಿತ ಸಂಗ್ರಹಗಳ ಅಂತರರಾಷ್ಟ್ರೀಯ ಸ್ಪರ್ಧೆಗಳೂ ಕೇಳುವುದು ಇದನ್ನೇ. ನೂರು ಅಂಕಗಳಲ್ಲಿ ಕಥೆಯನ್ನು ಹೆಣೆದ ಬಗೆಗೆ 35, ಅಧ್ಯಯನಕ್ಕೆ 30. ಚೀಟಿಯ ಸ್ಥಿತಿ ಮತ್ತು ಅಪರೂಪ ಎರಡಕ್ಕೂ ಸೇರಿ 30. ಉಳಿದ 5 ಜೋಡಣೆಗೆ. ಹಣವುಳ್ಳವರು ಅಪರೂಪದ ಚೀಟಿಯನ್ನು ಕೊಂಡಾರು; ಆದರೆ ಅರವತ್ತೈದು ಅಂಕಗಳನ್ನು ಓದಿ, ಹುಡುಕಿ, ಯೋಚಿಸಿಯೇ ಗಳಿಸಬೇಕು. ಹಾಗಾಗಿ ಅಜ್ಮಾನ್‌ನ ಅಗ್ಗದ ಚೀಟಿಯೊಂದನ್ನು ಹಿಡಿದು ಕಿಲ್ಲಿ ಯಾರೆಂದು ಕೇಳುವ ಶಾಲಾ ಹುಡುಗಿಯೂ ಈ ಹವ್ಯಾಸವನ್ನು ಸರಿಯಾದ ಕಡೆಯಿಂದಲೇ ಆರಂಭಿಸಿದ್ದಾಳೆ.